ತುಮಕೂರಿನ ಗಲ್ಲಾ ಮೇಲಿನ ಕಾರ್ಡ್ ಮಷಿನ್‌ಗಳು: ಯಾವುದು ಗಟ್ಟಿ, ಎಲ್ಲಿ ಸೋರಿಕೆ

ಸ್ವೈಪಿಂಗ್ ಮಷಿನ್ ಹಾಕಿಸುವಾಗ ಅಂಗಡಿಯವರು ಕೇಳುವುದು ಮೂರೇ ಮಾತು. ಬಾಡಿಗೆ ಎಷ್ಟು, ಕಮಿಷನ್ ಎಷ್ಟು, ದುಡ್ಡು ಖಾತೆಗೆ ಯಾವಾಗ ಬೀಳುತ್ತೆ. ಮೂರೂ ನ್ಯಾಯವಾದ ಪ್ರಶ್ನೆಗಳೇ. ಗಿರಾಕಿಯ ಕಾರ್ಡ್ ನಂಬರ್ ನಮ್ಮ ಅಂಗಡಿಯಲ್ಲಿ ಎಲ್ಲೆಲ್ಲಿ ಉಳಿದುಕೊಳ್ಳುತ್ತೆ ಅಂತ ಕೇಳುವವರು ಮಾತ್ರ ಕಡಿಮೆ. ಇಲ್ಲಿ ಮಷಿನ್‌ಗಳನ್ನು ನೋಡಿರುವುದು ಆ ಒಂದು ಪ್ರಶ್ನೆ ಇಟ್ಟುಕೊಂಡೇ.

ಮಂಡಿಪೇಟೆಯ ಸಗಟು ಅಂಗಡಿ, ಎಂ.ಜಿ. ರಸ್ತೆಯ ಬಟ್ಟೆ ಅಂಗಡಿ, ಬಿ.ಎಚ್. ರಸ್ತೆಯ ಮೆಡಿಕಲ್ ಸ್ಟೋರು, ಹೆದ್ದಾರಿಯ ಪೆಟ್ರೋಲ್ ಬಂಕು, ಹೀಗೆ ತುಮಕೂರಿನಲ್ಲಿ ಕಾಣಸಿಗುವ ಮಷಿನ್‌ಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಬ್ಯಾಂಕ್ ಕೊಡುವ ಹಳೇ ಗುಂಡಿ ಮಷಿನ್, ಟಚ್ ಸ್ಕ್ರೀನಿನ ಆಂಡ್ರಾಯ್ಡ್ ಮಷಿನ್, ಮೊಬೈಲಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಪುಟ್ಟ ರೀಡರ್, ಮತ್ತೆ ಮೊಬೈಲನ್ನೇ ಮಷಿನ್ ಮಾಡುವ ಟ್ಯಾಪ್ ಆ್ಯಪ್. ಪಿಸಿಐ ಪಿಟಿಎಸ್ ಮಾನ್ಯತೆ (ಪಿನ್ ಒತ್ತುವ ಮಷಿನ್‌ಗಳ ಭದ್ರತೆ ನೋಡಿ ಕಾರ್ಡ್ ಕಂಪನಿಗಳ ಮಂಡಳಿ ಕೊಡುವಂಥದ್ದು) ಇರುವ ಯಾವ ಮಷಿನ್ ಆದರೂ ಒಳಗಡೆ ಸಾಕಷ್ಟು ಭದ್ರವಾಗಿಯೇ ಇರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸೋರಿಕೆಯೆಲ್ಲ ಅದರ ಸುತ್ತಲ ಎರಡಡಿ ಜಾಗದಲ್ಲಿ. ಹಾಗಾಗಿ ಯಾವ ಮಷಿನ್ ತಂದರೆ ಆ ಎರಡಡಿಯನ್ನು ಕಾಯುವುದು ಸುಲಭ ಎಂದು ನೋಡಿ ಆರಿಸಬೇಕು.

"ಒಟಿಪಿ ಬರದೆ ಏನೂ ಮಾಡಕ್ಕಾಗಲ್ಲ ಬಿಡಿ ಸಾರ್" ಎನ್ನುವ ಧೈರ್ಯ ಪೇಟೆಯಲ್ಲಿ ಧಾರಾಳವಾಗಿದೆ. ಅದು ಅರ್ಧ ನಿಜ. ದೇಶದೊಳಗಿನ ಆನ್‌ಲೈನ್ ಪಾವತಿಗೆ 2009ರ ಆಗಸ್ಟ್‌ನಿಂದಲೇ ಎರಡನೇ ದೃಢೀಕರಣ ಕಡ್ಡಾಯವಿದೆ. ಹೊರದೇಶದ ಎಷ್ಟೋ ಜಾಲತಾಣಗಳಿಗೆ ಮಾತ್ರ ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿ ಇಷ್ಟಿದ್ದರೆ ಸಾಕು, ಒಟಿಪಿ ಕೇಳದೆ ಹಣ ಎಳೆದುಕೊಳ್ಳುತ್ತವೆ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡ್‌ಗಳಲ್ಲಿ ಆನ್‌ಲೈನ್, ವಿದೇಶಿ ಮತ್ತು ಟ್ಯಾಪ್ ಬಳಕೆ ಮುಚ್ಚಿಯೇ ಬರಬೇಕು, ಬೇಕಾದವರು ತೆರೆದುಕೊಳ್ಳಬೇಕು ಎಂಬ ನಿಯಮ ಬಂದಿದೆ. ಒಂದು ಸಲ ತೆರೆದವರು ಮತ್ತೆ ಮುಚ್ಚುವ ಗೋಜಿಗೆ ಹೋಗುವುದಿಲ್ಲ ಎಂಬುದು ಬೇರೆ ಮಾತು. ಅಂಥ ಕಾರ್ಡಿನ ಎರಡೂ ಬದಿಯ ಫೋಟೊ ಒಬ್ಬರ ಮೊಬೈಲಲ್ಲಿ ಉಳಿದರೂ ಸಾಕು.

ಕಾರ್ಡಿನ ಹಿಂಬದಿಯ ಕಪ್ಪು ಪಟ್ಟಿಯ ಕಥೆ ಇನ್ನೊಂದು. ಅದರಲ್ಲಿ ಬರೆದಿರುವುದು ಯಾವತ್ತೂ ಬದಲಾಗುವುದಿಲ್ಲ. ಒಂದು ಸಲ ನಕಲು ಮಾಡಿಕೊಂಡರೆ ಇನ್ನೊಂದು ಖಾಲಿ ಕಾರ್ಡಿನ ಪಟ್ಟಿಗೆ ಹಾಗೇ ಇಳಿಸಬಹುದು. ಚಿಪ್ ಹಾಗಲ್ಲ, ಪ್ರತಿ ವ್ಯವಹಾರಕ್ಕೂ ಹೊಸದೊಂದು ಗುಪ್ತ ಸಂಕೇತ ತಯಾರಿಸುತ್ತದೆ, ಹಳೆಯದು ಮತ್ತೆ ನಡೆಯುವುದಿಲ್ಲ. ಆದ್ದರಿಂದ "ಸ್ವೈಪ್" ಎಂಬ ಹೆಸರು ಉಳಿದಿದ್ದರೂ ಈಗ ಉಜ್ಜಬಾರದು. ಚಿಪ್ ತೂರಿಸಬೇಕು, ಇಲ್ಲವೇ ತಾಗಿಸಬೇಕು. ಚಿಪ್ ಇರುವ ಕಾರ್ಡನ್ನು ಉಜ್ಜಿದರೆ ಒಳ್ಳೆ ಮಷಿನ್ "ಚಿಪ್ ಹಾಕಿ" ಎಂದು ವಾಪಸು ಕಳಿಸುತ್ತದೆ. ಪಟ್ಟಿಯೊಳಗಿನ ಸರ್ವಿಸ್ ಕೋಡ್ 2 ಅಥವಾ 6ರಿಂದ ಶುರುವಾದರೆ ಅದು ಚಿಪ್ ಕಾರ್ಡ್ ಎಂದು ಮಷಿನ್‌ಗೆ ಗೊತ್ತಾಗುವುದರಿಂದ. ಮೂರು ಸಲ ಚಿಪ್ ಓದದಿದ್ದರೆ ಉಜ್ಜಲು ಬಿಡುವ ಮಷಿನ್‌ಗಳೂ ಇವೆ. ಅಲ್ಲಿಗೆ ಹೋಗುವ ಮುಂಚೆ ಒಣ ಬಟ್ಟೆಯಲ್ಲಿ ಚಿಪ್ ಒರೆಸಿ ನೋಡಿ, ಬಹಳ ಸಲ ಅಷ್ಟಕ್ಕೇ ಓದುತ್ತದೆ.

ಗುಂಡಿ ಮಷಿನ್

ವೆರಿಫೋನ್ ವಿಎಕ್ಸ್ 675, ಇಂಜೆನಿಕೊ ಮೂವ್ 2500 ಇವೆಲ್ಲ ಈ ಜಾತಿಯವು. ಸಣ್ಣ ಪರದೆ, ಒತ್ತುವ ಗುಂಡಿ, ಒಳಗೇ ಸಿಮ್, ಮೇಲೆ 57 ಮಿಲಿಮೀಟರ್ ಅಗಲದ ಕಾಗದದ ಸುರುಳಿ. ನೋಡಲು ಹಳೆಯದು. ಅಂಗಡಿಗೆ ಬರುವ ಹುಡುಗರಿಗೆ ನಾಚಿಕೆ. ಆದರೂ ಒಂದೇ ಗಲ್ಲಾ ಇರುವ ಮಂಡಿಪೇಟೆಯಂಥ ಕಡೆಗೆ ನಮ್ಮ ಮೊದಲ ಆಯ್ಕೆ ಇದೇ. ಕಾರಣ ಸರಳ, ಇದಕ್ಕೆ ನಿಮ್ಮ ವೈಫೈ ಬೇಡ, ಬಿಲ್ಲಿಂಗ್ ಕಂಪ್ಯೂಟರ್ ಬೇಡ, ನಿಮ್ಮ ಮೊಬೈಲ್ ಬೇಡ. ಕಾರ್ಡ್ ನಂಬರ್ ಮಷಿನ್‌ಗೆ ಹೋಗಿ ಅಲ್ಲಿಂದ ಸೀದಾ ಬ್ಯಾಂಕಿಗೆ ಹೋಗುತ್ತದೆ. ಬಿಲ್ಲಿಂಗ್ ಕಂಪ್ಯೂಟರಿಗೆ ವೈರಸ್ ಬಡಿದರೂ ಅದರ ಕೈಗೆ ಕಾರ್ಡಿನ ಒಂದಂಕಿ ಸಿಗುವುದಿಲ್ಲ. ಗುಂಡಿ ಕೈಗೆ ಸಿಗುವುದರಿಂದ, 5ರ ಮೇಲೆ ಚುಕ್ಕೆ ಇರುವುದರಿಂದ ಕಣ್ಣು ಕಾಣದವರೂ ತಾವೇ ಪಿನ್ ಒತ್ತಬಹುದು. ಟಚ್ ಸ್ಕ್ರೀನಿನಲ್ಲಿ ಅವರು ಪಕ್ಕದವರಿಗೆ ಪಿನ್ ಹೇಳಬೇಕಾದ ಸ್ಥಿತಿ ಬರುತ್ತದೆ.

ದೋಷಗಳೂ ಇವೆ. 2ಜಿ ಸಿಮ್ ಹಾಕಿದ ಹಳೇ ಮಷಿನ್ ಆಮೆಯಂತೆ ಓಡುತ್ತದೆ, ಸಂಜೆ ಪೇಟೆ ತುಂಬಿದಾಗ ಮಧ್ಯದಲ್ಲೇ ಸಂಪರ್ಕ ಕಡಿದುಕೊಳ್ಳುತ್ತದೆ. ಅದರಿಂದ ಕಾರ್ಡ್ ಭದ್ರತೆಗೆ ಏನು ಎಂದರೆ, ತುಂಬಾ ಇದೆ, ಕೆಳಗೆ ಹೇಳಲಾಗಿದೆ. ಎರಡನೆಯದು ಪಾಸ್‌ವರ್ಡ್. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನೇ ಮುಂದುವರಿಸುವ ಚಾಳಿ ಈ ವ್ಯಾಪಾರದಲ್ಲಿ ಹಳೆಯದು. ಒಂದು ದೊಡ್ಡ ತಯಾರಕರ ಮಷಿನ್‌ಗಳಲ್ಲಿ 1990ರಿಂದ ಒಂದೇ ಪಾಸ್‌ವರ್ಡ್ ನಡೆದುಕೊಂಡು ಬಂದಿದೆ ಎಂದು ಅಮೆರಿಕದ ಭದ್ರತಾ ಸಂಶೋಧಕರು 2015ರಲ್ಲಿ ಬಯಲು ಮಾಡಿದ್ದರು. ಮಷಿನ್ ಹಾಕಲು ಬಂದ ಹುಡುಗ ಹೋಗುವ ಮುಂಚೆ ಮರ್ಚೆಂಟ್ ಪಾಸ್‌ವರ್ಡ್ ಬದಲಿಸಿ ಹೋಗಲಿ. ರಿಫಂಡ್‌ಗೆ, ವಾಯ್ಡ್‌ಗೆ (ಆದ ವ್ಯವಹಾರ ರದ್ದು ಮಾಡುವುದಕ್ಕೆ) ಆ ಪಾಸ್‌ವರ್ಡ್ ಕೇಳುವಂತಿರಲಿ, ಅದು ಮಾಲೀಕರಿಗೆ ಮಾತ್ರ ಗೊತ್ತಿರಲಿ. ಕಾರ್ಡ್ ಇಲ್ಲದೆ ನಂಬರ್ ಒತ್ತಿ ಹಣ ಪಡೆಯುವ "ಮ್ಯಾನುಯಲ್ ಎಂಟ್ರಿ" ಮೆನುವಿನಲ್ಲಿ ಕಂಡರೆ ತೆಗೆಸಿಬಿಡಿ. ಅದು ಇದ್ದಷ್ಟು ದಿನ ಯಾರಾದರೂ ಫೋನಿನಲ್ಲಿ ನಂಬರ್ ಕೇಳಿ ಚೀಟಿಯಲ್ಲಿ ಬರೆದುಕೊಳ್ಳುತ್ತಲೇ ಇರುತ್ತಾರೆ.

ಇನ್ನೊಂದು ವಿಷಯ ಅಂಗಡಿಯವರಿಗೆ ಗೊತ್ತಿರುವುದೇ ಇಲ್ಲ. ಚಾರ್ಜಿಂಗ್ ಪಿನ್ ಸಡಿಲವಾಯಿತು ಅಂತ ಮಷಿನನ್ನು ಮೊಬೈಲ್ ರಿಪೇರಿ ಅಂಗಡಿಗೆ ಕೊಟ್ಟರೆ ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ಒಳಗೆ ಗುಂಡಿಯಂಥ ಬ್ಯಾಟರಿ ಒಂದಿರುತ್ತದೆ, ಕಾರ್ಡ್ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ಕೀಗಳು ಉಳಿದಿರುವುದೇ ಅದರ ಬಲದಿಂದ. ಕವಚ ಬಿಚ್ಚಿದ ಕ್ಷಣ ಮಷಿನ್ ಆ ಕೀಗಳನ್ನು ತಾನೇ ಅಳಿಸಿಕೊಂಡು ಪರದೆಯ ಮೇಲೆ "ಟ್ಯಾಂಪರ್" ಎಂದು ತೋರಿಸುತ್ತದೆ. ಜೋರಾಗಿ ಬಿದ್ದರೂ, ಒಳ ಬ್ಯಾಟರಿ ಸತ್ತರೂ ಇದೇ ಗತಿ. ಮತ್ತೆ ಕೀ ತುಂಬುವುದು ಕಂಪನಿಯವರಿಂದ ಮಾತ್ರ ಸಾಧ್ಯ. ಇದು ಮಷಿನ್‌ನ ದೋಷವಲ್ಲ, ಅದಕ್ಕೆ ಕೊಟ್ಟ ಕೆಲಸ. ಆ ಸಂದೇಶ ಕಂಡರೆ ಆಫ್ ಆನ್ ಮಾಡುತ್ತಾ ಕೂರದೆ ಬದಲಿ ಮಷಿನ್ ಕೇಳಿ.

ಆಂಡ್ರಾಯ್ಡ್ ಮಷಿನ್

ಪ್ಯಾಕ್ಸ್ ಎ920 ಈ ಬಗೆಯಲ್ಲಿ ಬಹಳ ಕಡೆ ಕಾಣುವ ಮಾದರಿ. 5 ಇಂಚಿನ ಪರದೆ, ಪ್ರಿಂಟರ್, ಕ್ಯಾಮೆರಾ, 4ಜಿ, ಎಲ್ಲ ಒಂದರಲ್ಲೇ. ಕಾರ್ಡ್, ಯುಪಿಐ ಕ್ಯೂಆರ್, ಇಎಂಐ ಎಲ್ಲವೂ ನಡೆಯುತ್ತದೆ. ಕಾರ್ಡ್ ಮತ್ತು ಪಿನ್ ಕೆಲಸ ಮಾಡಲು ಆಂಡ್ರಾಯ್ಡ್‌ನಿಂದ ಬೇರೆಯೇ ಆದ ಭದ್ರ ಚಿಪ್ ಇರುವುದರಿಂದ "ಆಂಡ್ರಾಯ್ಡ್ ಅಂದ್ರೆ ಹ್ಯಾಕ್ ಆಗುತ್ತೆ" ಎಂಬ ಭಯಕ್ಕೆ ಹೆಚ್ಚು ಆಧಾರವಿಲ್ಲ. ಕಂಪನಿಯವರು ಬೀಗ ಹಾಕಿದ ಮಷಿನ್‌ನಲ್ಲಿ ಬೇರೆ ಆ್ಯಪ್ ಹಾಕಲು ಬರುವುದೂ ಇಲ್ಲ. ಬ್ರೌಸರ್ ತೆರೆದುಕೊಂಡರೆ, ಯೂಟ್ಯೂಬ್ ಓಡಿದರೆ ಬೀಗ ಸರಿಯಾಗಿ ಹಾಕಿಲ್ಲವೆಂದೇ ಅರ್ಥ. ಅಂಥ ಮಷಿನ್ ಒಪ್ಪಿಕೊಳ್ಳಬೇಡಿ.

ನಮ್ಮ ತಕರಾರು ಬೇರೆ. ನುಣುಪಾದ ಗಾಜಿನ ಮೇಲೆ ಪಿನ್ ಒತ್ತುವಾಗ ದೂರದವರಿಗೂ ಕಾಣುತ್ತದೆ, ಗುಂಡಿ ಮಷಿನ್‌ಗೆ ಹಾಕುವಂಥ ಮರೆ ಇದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಅಂಕಿಗಳ ಜಾಗ ಪ್ರತಿ ಸಲ ಅದಲುಬದಲು ಮಾಡುವ ಸೌಲಭ್ಯ ಇದ್ದರೆ ಹಾಕಿಸಿ. ವಯಸ್ಸಾದವರು ಒಂದಿಷ್ಟು ಗೊಣಗಬಹುದು, ಗೊಣಗಲಿ. ಹಾಗೇ ಇದು ಬಿಲ್ಲಿಂಗ್ ಸಾಫ್ಟ್‌ವೇರಿಗೆ ಜೋಡಣೆಯಾಗುತ್ತದೆ. ಬಿಲ್ ಮೊತ್ತ ತಾನೇ ಮಷಿನ್‌ಗೆ ಬಂದು, ವಾಪಸು ಅಪ್ರೂವಲ್ ಕೋಡ್ ಮತ್ತು ಕೊನೆಯ ನಾಲ್ಕಂಕಿ ಮಾತ್ರ ಹೋದರೆ ಚೆನ್ನ, 1,250ರ ಜಾಗದಲ್ಲಿ 12,500 ಒತ್ತುವ ಎಡವಟ್ಟು ತಪ್ಪುತ್ತದೆ. ಸಾಫ್ಟ್‌ವೇರಿನಲ್ಲಿ "ಕಾರ್ಡ್ ನಂಬರ್" ಎಂದು 16 ಅಂಕಿಯ ಖಾಲಿ ಜಾಗವೇನಾದರೂ ಇದ್ದರೆ ತೆಗೆಸಿ. ಜಾಗ ಇದ್ದರೆ ಕ್ಯಾಷಿಯರ್ ತುಂಬಿಯೇ ತುಂಬುತ್ತಾರೆ. "ರಿಮಾರ್ಕ್ಸ್" ಕಾಲಮಿನಲ್ಲೂ ಹುಡುಕಿ ನೋಡಿ, ಅಲ್ಲಿ ಏನೇನೋ ಸಿಗುತ್ತದೆ.

ಕೆಲವು ಅಂಗಡಿಗಳಲ್ಲಿ ಕೀಬೋರ್ಡಿಗೇ ಉಜ್ಜುವ ಸೀಳು ಇರುತ್ತದೆ. ಮಷಿನ್‌ನಲ್ಲಿ ಒಂದು ಸಲ, "ಲೆಕ್ಕಕ್ಕೆ" ಅಂತ ಕೀಬೋರ್ಡಿನಲ್ಲಿ ಇನ್ನೊಂದು ಸಲ ಉಜ್ಜುವ ಪದ್ಧತಿಗಿಂತ ಅಪಾಯದ್ದು ಇನ್ನೊಂದಿಲ್ಲ. ಪಟ್ಟಿಯ ಪೂರ್ತಿ ಮಾಹಿತಿ ಯಾವ ಗೂಢಲಿಪಿಯೂ ಇಲ್ಲದೆ ಮಾಮೂಲಿ ಕಂಪ್ಯೂಟರಿನಲ್ಲಿ ಕೂರುತ್ತದೆ. ಅದನ್ನು ಇಂದೇ ನಿಲ್ಲಿಸಬೇಕು, ಮುಂದಿನ ತಿಂಗಳಲ್ಲ.

ಪುಟ್ಟ ರೀಡರ್, ಟ್ಯಾಪ್ ಆ್ಯಪ್

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಬ್ಲೂಟೂತ್ ರೀಡರ್‌ನಲ್ಲಿ ಕಾರ್ಡಿನ ಮಾಹಿತಿ ರೀಡರ್ ಒಳಗೇ ಗೂಢಲಿಪಿಯಾಗಿ ಹೋಗುತ್ತದೆ, ಮೊಬೈಲಿಗೆ ಕಾಣುವುದು ಅರ್ಥವಾಗದ ಅಂಕಿ ಅಕ್ಷರ. ಪಿನ್ ಒತ್ತುವುದೂ ರೀಡರ್‌ನ ಗುಂಡಿಯಲ್ಲೇ. ಮನೆಮನೆಗೆ ಹೋಗಿ ಸರ್ವಿಸ್ ಮಾಡುವವರಿಗೆ, ಡೆಲಿವರಿಗೆ ಒಪ್ಪುತ್ತದೆ. ಅಂಗಡಿಗೆ ಬೇಡ. ಮಾಲೀಕರು ಹೊರಗೆ ಹೋದಾಗ ಮೊಬೈಲೂ ಹೋಗುತ್ತದೆ, ಆಗ ಹುಡುಗರು ಇನ್ನೇನೋ ದಾರಿ ಹುಡುಕುತ್ತಾರೆ.

ಮೊಬೈಲಿನ ಹಿಂಬದಿಗೇ ಕಾರ್ಡ್ ತಾಗಿಸುವ ಟ್ಯಾಪ್ ಆ್ಯಪ್‌ಗಳಿಗೆ ಪಿಸಿಐ ಮಂಡಳಿ 2019ರಲ್ಲಿ ಮೊದಲ ಮಾನದಂಡ, 2022ರಲ್ಲಿ ಎಂಪಿಒಸಿ ಎಂಬ ಹೊಸ ಮಾನದಂಡ ತಂದಿದೆ. ಎನ್‌ಎಫ್‌ಸಿ (ತಾಗಿಸಿದ ಕಾರ್ಡ್ ಓದುವ ಸೌಲಭ್ಯ) ಇರುವ ಫೋನ್ ಬೇಕು. 5,000 ರೂಪಾಯಿವರೆಗೆ ಪಿನ್ ಇಲ್ಲದೆ ನಡೆಯುತ್ತದೆ, ಈ ಮಿತಿ 2021ರ ಜನವರಿ 1ರಿಂದ ಇದೆ, ಅದಕ್ಕೂ ಮುಂಚೆ 2,000 ಇತ್ತು. ಸಣ್ಣ ವ್ಯಾಪಾರಕ್ಕೆ ಚೆನ್ನಾಗಿಯೇ ಇದೆ. ಆದರೆ ಆ ಫೋನನ್ನು ರೂಟ್ ಮಾಡಿದ್ದರೆ (ತಯಾರಕರು ಹಾಕಿದ ಭದ್ರತೆಯ ಬೀಗ ಮುರಿದಿದ್ದರೆ), ಆಂಡ್ರಾಯ್ಡ್ ಅಪ್‌ಡೇಟ್ ನಿಂತುಹೋಗಿದ್ದರೆ, ಎನಿಡೆಸ್ಕ್ ಥರದ ಪರದೆ ಹಂಚುವ ಆ್ಯಪ್ ಇದ್ದರೆ ಇಟ್ಟುಕೊಳ್ಳಬೇಡಿ. ವ್ಯಾಪಾರಕ್ಕೆ ಒಂದು ಪ್ರತ್ಯೇಕ ಫೋನ್ ಇಡುವವರಿಗೆ ಮಾತ್ರ ಇದು ಸರಿ.

ಬರೀ ಯುಪಿಐ ಡಬ್ಬ ಇಟ್ಟುಕೊಂಡವರಿಗೆ ಈ ತಲೆನೋವೇ ಇಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿಗೆ ಕಾರ್ಡ್ ಮಷಿನ್ ಯಾಕೆ? ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಕೊಡುವವರದ್ದೂ ಕ್ಯೂಆರ್‌ನಲ್ಲೇ ಮುಗಿಯುತ್ತದೆ, ಕಾರ್ಡ್ ನಂಬರ್ ಹೋಟೆಲಿನವರ ಕಣ್ಣಿಗೂ ಬೀಳುವುದಿಲ್ಲ.

ಎರಡಡಿ ಜಾಗದ ಸೋರಿಕೆ

ನಿಯಮ ಏನೆಂದು ಮೊದಲು ತಿಳಿದಿರಲಿ. ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್, ಡಿಸ್ಕವರ್, ಜೆಸಿಬಿ ಸೇರಿ 2006ರಲ್ಲಿ ಕಟ್ಟಿದ ಮಂಡಳಿಯ ಪಿಸಿಐ ಡಿಎಸ್‌ಎಸ್ ಎಂಬ ನಿಯಮಾವಳಿ ಕಾರ್ಡ್ ತೆಗೆದುಕೊಳ್ಳುವ ಎಲ್ಲರಿಗೂ ಅನ್ವಯ, ದಿನಕ್ಕೆ ಎರಡೇ ಕಾರ್ಡ್ ಬರುವ ಅಂಗಡಿಗೂ. 2024ರ ಜೂನ್‌ನಲ್ಲಿ ಅದರ 4.0.1 ಆವೃತ್ತಿ ಬಂತು. ಹಣ ಮಂಜೂರಾದ ಮೇಲೆ ಪಟ್ಟಿಯ ಮಾಹಿತಿ, ಹಿಂಬದಿಯ ಮೂರಂಕಿ, ಪಿನ್ ಇವನ್ನು ಯಾವ ರೂಪದಲ್ಲೂ ಇಟ್ಟುಕೊಳ್ಳಕೂಡದು, ಗೂಢಲಿಪಿಯಲ್ಲೂ ಕೂಡದು. ನಮ್ಮ ರಿಸರ್ವ್ ಬ್ಯಾಂಕ್ ಇನ್ನೂ ಬಿಗಿ. ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ಕಾರ್ಡ್ ನೆಟ್‌ವರ್ಕ್ ಬಿಟ್ಟು ಬೇರೆ ಯಾರೂ 2022ರ ಅಕ್ಟೋಬರ್ 1ರಿಂದ ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ. ಲೆಕ್ಕ ಹೊಂದಿಸಲು ಕೊನೆಯ ನಾಲ್ಕಂಕಿ ಮತ್ತು ಬ್ಯಾಂಕಿನ ಹೆಸರು ಇದ್ದರೆ ಸಾಕು.

ಹಾಗಿದ್ದೂ ನಂಬರ್ ಕಾಗದಕ್ಕೆ ಇಳಿಯುವುದು ಯಾವಾಗ? ಬಹುಪಾಲು ಸಂಪರ್ಕ ಕಡಿದಾಗಲೇ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ ನಡೆಯುವಾಗ, ಹಬ್ಬದ ಹಿಂದಿನ ಸಂಜೆ, ಟವರ್ ಮೇಲೆ ಹೊರೆ ಬಿದ್ದು ಮಷಿನ್ ಸುತ್ತುತ್ತಾ ನಿಂತುಬಿಡುತ್ತದೆ. ಗಿರಾಕಿಯ ಮೊಬೈಲಿಗೆ "ಹಣ ಕಡಿತವಾಗಿದೆ" ಎಂಬ ಸಂದೇಶ ಬಂದಿರುತ್ತದೆ, ಮಷಿನ್‌ನಲ್ಲಿ ಚೀಟಿ ಬಂದಿರುವುದಿಲ್ಲ. ಜಗಳ ಬೇಡ ಅಂತ ಕ್ಯಾಷಿಯರ್ ಕಾರ್ಡ್ ನಂಬರ್ ಪೂರ್ತಿ ಬರೆದುಕೊಳ್ಳುತ್ತಾರೆ, ಇನ್ನೂ ಜಾಣರಾದರೆ ಫೋಟೊ ಹೊಡೆಯುತ್ತಾರೆ, "ನಾಳೆ ಬ್ಯಾಂಕಿಗೆ ಕೇಳ್ತೀವಿ." ಆ ನಂಬರ್‌ನಿಂದ ಬ್ಯಾಂಕಿಗೆ ಏನೂ ಆಗಬೇಕಾಗಿಲ್ಲ. ಅವರಿಗೆ ಬೇಕಾದ್ದು ನಿಮ್ಮ ಟಿಐಡಿ (ಮಷಿನ್‌ಗೆ ಕೊಟ್ಟ ಗುರುತಿನ ಸಂಖ್ಯೆ), ದಿನಾಂಕ, ಸಮಯ, ಮೊತ್ತ, ಕೊನೆಯ ನಾಲ್ಕಂಕಿ, ಇದ್ದರೆ ಆರ್‌ಆರ್‌ಎನ್ (ಆ ವ್ಯವಹಾರದ ಉಲ್ಲೇಖ ಸಂಖ್ಯೆ). ಖಾತೆಯಿಂದ ಹೋಗಿ ಅಂಗಡಿಗೆ ದೃಢೀಕರಣ ಬರದ ಹಣ 5 ದಿನದೊಳಗೆ ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಇದನ್ನು ಒಂದು ಕಾಗದದಲ್ಲಿ ಬರೆದು ಗಲ್ಲಾ ಪಕ್ಕ ಅಂಟಿಸಿದರೆ ಗಿರಾಕಿಗೂ ಸಮಾಧಾನ, ಕ್ಯಾಷಿಯರ್ ಕೈಯಿಂದ ಪೆನ್ನೂ ದೂರ. 4ಜಿ ಓಡುವ ಗುಂಡಿ ಮಷಿನ್ ಕೇಳಿ ಹಾಕಿಸಿಕೊಳ್ಳುವುದು ಈ ಕಾರಣಕ್ಕೆ ಭದ್ರತೆಯ ಕೆಲಸವೇ.

ಸೀರೆ ಅಂಗಡಿಗಳಲ್ಲಿ ನಡೆಯುವುದು ಇನ್ನೊಂದು ಬಗೆ. ಗಿರಾಕಿ ಮೆತ್ತೆಯ ಮೇಲೆ ಕೂತಿರುತ್ತಾರೆ, ಗಲ್ಲಾ ಹತ್ತಡಿ ದೂರ. ಹುಡುಗ ಕಾರ್ಡ್ ಇಸ್ಕೊಂಡು ಹೋಗಿ ಅಲ್ಲಿಂದ "ಮೇಡಂ, ಪಿನ್ ಹೇಳಿ" ಅನ್ನುತ್ತಾನೆ, ಇವರು ಅಂಗಡಿಗೆಲ್ಲ ಕೇಳುವಂತೆ ಹೇಳುತ್ತಾರೆ. 2013ರ ಡಿಸೆಂಬರ್‌ನಿಂದ ಡೆಬಿಟ್ ಕಾರ್ಡಿಗೆ ಪಿನ್ ಕಡ್ಡಾಯ ಮಾಡಿದ್ದರ ಉದ್ದೇಶವೇ ಅಲ್ಲಿ ಮಣ್ಣುಪಾಲು. ಹೇಳಿದರೂ ಒತ್ತಬಾರದು, ಮಷಿನ್ ಒಯ್ದು ಕೈಗೆ ಕೊಡಬೇಕು. ತಂತಿ ಇರುವ ಟೇಬಲ್ ಮಷಿನ್ ಇಂಥ ಅಂಗಡಿಗೆ ತಂದರೆ ಈ ಚಾಳಿ ಬಿಡಿಸಲು ಸಾಧ್ಯವೇ ಇಲ್ಲ, ಬ್ಯಾಟರಿಯದ್ದೇ ತನ್ನಿ. ಟೇಬಲ್ ಸರ್ವಿಸ್ ಇರುವ ಹೋಟೆಲಿಗೂ ಇದೇ ಮಾತು.

ಸಿಸಿಟಿವಿ. ಕಳ್ಳರ ಮೇಲೆ ಕಣ್ಣಿಡಲು ಗಲ್ಲಾ ಮೇಲೆ ಹಾಕಿದ ಕ್ಯಾಮೆರಾ ನೆಟ್ಟಗೆ ಪಿನ್ ಒತ್ತುವ ಬೆರಳಿನ ಮೇಲೆ ನೋಡುತ್ತಿರುತ್ತದೆ. ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಪಾಸ್‌ವರ್ಡ್ ಹಾಕಿಸಿದ ದಿನದ್ದೇ. ಈಗಿನ ಕ್ಯಾಮೆರಾ ದೊಡ್ಡದು ಮಾಡಿ ನೋಡಿದರೆ ಕಾರ್ಡ್ ಹಿಂಬದಿಯ ಮೂರಂಕಿಯೂ ಓದಲು ಬರುತ್ತದೆ. ಕ್ಯಾಮೆರಾ ತಿರುಗಿಸಿ, ದುಡ್ಡಿನ ಡ್ರಾಯರ್ ಮತ್ತು ಗಿರಾಕಿಯ ಮುಖ ಕಂಡರೆ ಸಾಕು.

ಇನ್ನು ಚೀಟಿ. ಅಂಗಡಿಯಲ್ಲಿ ಉಳಿಯುವ ಮರ್ಚೆಂಟ್ ಕಾಪಿಯಲ್ಲಿ ಕಾರ್ಡ್ ನಂಬರ್ ಮರೆಯಾಗಿ ಕೊನೆಯ ನಾಲ್ಕಂಕಿ ಮಾತ್ರ ಇರಬೇಕು, ಪೂರ್ತಿ ನಂಬರ್ ಬಂದರೆ ಕಂಪನಿಗೆ ಆ ಕ್ಷಣವೇ ಹೇಳಿ. ಮರೆಯಾದ ಚೀಟಿಯೂ ಅಷ್ಟೇನು ಸಾಧು ಅಲ್ಲ. ಅಂಗಡಿ ಹೆಸರು, ದಿನ, ಹೊತ್ತು, ಮೊತ್ತ, ನಾಲ್ಕಂಕಿ, ಕೆಲವು ಸಲ ಹೆಸರು ಎಲ್ಲ ಅದರಲ್ಲಿರುತ್ತದೆ. "ಮೊನ್ನೆ ಸಂಜೆ ಇಂಥ ಅಂಗಡಿಯಲ್ಲಿ 3,480ಕ್ಕೆ ಕಾರ್ಡ್ ಉಜ್ಜಿದ್ದೀರಿ, ಕೊನೆಯ ನಾಲ್ಕಂಕಿ ಇಂಥದ್ದು, ಅದು ಎರಡು ಸಲ ಕಡಿತವಾಗಿದೆ, ವಾಪಸು ಕೊಡಲು ಒಟಿಪಿ ಹೇಳಿ" ಎಂದು ಫೋನ್ ಬಂದರೆ ಯಾರು ನಂಬುವುದಿಲ್ಲ? ಆದ್ದರಿಂದ ಚೀಟಿಗಳನ್ನು ರದ್ದಿಗೆ ಹಾಕಬಾರದು, ಆಡಿಟರಿಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊ ಕಳಿಸಬಾರದು, ಹಿಂಬದಿಯಲ್ಲಿ ಲೆಕ್ಕ ಬರೆದು ಹೊರಗೆ ಎಸೆಯಬಾರದು. ದಿನದ ಸೆಟ್ಲ್‌ಮೆಂಟ್ ರಿಪೋರ್ಟಿನ (ದಿನದ ಕಾರ್ಡ್ ವ್ಯವಹಾರ ಮುಗಿಸಿದಾಗ ಮಷಿನ್ ಕೊಡುವ ಪಟ್ಟಿಯ) ಜೊತೆ ಒಂದು ಲಕೋಟೆ, ತಿಂಗಳಿಗೊಂದು ಪೆಟ್ಟಿಗೆ, ಬೀಗ. ಎಷ್ಟು ತಿಂಗಳು ಇಡಬೇಕೆಂದು ನಿಮ್ಮ ಒಪ್ಪಂದದಲ್ಲೇ ಬರೆದಿರುತ್ತದೆ. ಥರ್ಮಲ್ ಕಾಗದ ತುಮಕೂರಿನ ಏಪ್ರಿಲ್ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಕಿಟಕಿ ಪಕ್ಕ ಇಡಬೇಡಿ, ಪ್ಲಾಸ್ಟಿಕ್ ಕವರಿಗೂ ಹಾಕಬೇಡಿ. ಅವಧಿ ಮುಗಿದ ಮೇಲೆ ಬಂಡಲಿಗೆ ಬಿಸಿ ಇಸ್ತ್ರಿ ಪೆಟ್ಟಿಗೆ ಸೋಕಿಸಿದರೆ ಮೇಲಿನ ಹಾಳೆಗಳು ಪೂರ್ತಿ ಕಪ್ಪಾಗುತ್ತವೆ, ಉಳಿದವನ್ನು ಅಡ್ಡಡ್ಡ ಹರಿದು ಹಾಕಿ.

ಮರೆತು ಹೋದ ಕಾರ್ಡಿನ ವಿಷಯವೂ ಹೇಳಲೇಬೇಕು. ಬಂಕಿನಲ್ಲಿ, ಮೆಡಿಕಲ್ಲಿನಲ್ಲಿ ವಾರಕ್ಕೊಂದಾದರೂ ಉಳಿಯುತ್ತದೆ. "ಈ ಕಾರ್ಡ್ ಯಾರದ್ದು, ದಯವಿಟ್ಟು ಶೇರ್ ಮಾಡಿ" ಎಂದು ಎರಡೂ ಬದಿಯ ಫೋಟೊ ಊರ ಗುಂಪಿಗೆ ಹಾಕುವ ಪರೋಪಕಾರಿಗಳು ಅರ್ಧ ಗಂಟೆಯಲ್ಲಿ ಆ ಕಾರ್ಡನ್ನು ನೂರಾರು ಜನರ ಕೈಗೆ ಕೊಟ್ಟಿರುತ್ತಾರೆ. ಲಕೋಟೆಯಲ್ಲಿ ಹಾಕಿ ಮುಚ್ಚಿ ಗಲ್ಲಾದಲ್ಲಿಡಿ. ಕಾರ್ಡ್ ಹಿಂದಿರುವ ಬ್ಯಾಂಕ್ ನಂಬರಿಗೆ ಒಂದು ಕರೆ ಮಾಡಿ. ಕೇಳಿಕೊಂಡು ಬಂದವರಿಗೆ ಹೆಸರು, ಬ್ಯಾಂಕು, ಕೊನೆಯ ನಾಲ್ಕಂಕಿ ಕೇಳಿ ಕೊಡಿ. ಮಾರನೇ ದಿನವೂ ಬರದಿದ್ದರೆ ಆ ಬ್ಯಾಂಕಿನ ಹತ್ತಿರದ ಶಾಖೆಗೆ ಒಪ್ಪಿಸಿ.

ಮಷಿನ್ ಮೇಲೆ ಒಂದು ಕಣ್ಣು

ಒಂದು ಪುಸ್ತಕ ಇಟ್ಟುಕೊಂಡು ಕಂಪನಿ, ಮಾದರಿ, ಸೀರಿಯಲ್ ನಂಬರ್, ಟಿಐಡಿ, ಯಾವ ಗಲ್ಲಾ ಎಂದು ಬರೆಯಿರಿ. ಪಿಸಿಐ ನಿಯಮದಲ್ಲೂ ಈ ಪಟ್ಟಿ ಬೇಕೆಂದಿದೆ. ಸೀರಿಯಲ್ ನಂಬರನ್ನು ಹಿಂಬದಿಯ ಸ್ಟಿಕ್ಕರ್ ನೋಡಿ ಬರೆದರೆ ಸಾಲದು, ಮೆನುವಿನಲ್ಲಿ ತೋರಿಸುವುದಕ್ಕೂ ತಾಳೆಯಾಗಬೇಕು, ಸ್ಟಿಕ್ಕರ್ ಕಿತ್ತು ಬೇರೆಯದಕ್ಕೆ ಅಂಟಿಸುವುದು ಕಷ್ಟವಲ್ಲ. ಸ್ಕ್ರೂ, ಸೀಲು, ಬದಿಯ ಸಂದಿಗಳ ಫೋಟೊ ತೆಗೆದಿಡಿ. ಕಾಗದದ ಸುರುಳಿ ತೆಗೆದು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಮಷಿನ್ ತೂಗಿ ಗ್ರಾಂ ಬರೆದಿಡಿ. ಒಳಗೆ ನಕಲು ಮಾಡುವ ಸರ್ಕ್ಯೂಟ್ ಸೇರಿಸಿದ್ದರೆ ಹೆಚ್ಚಾದ ತೂಕ ಅಲ್ಲಿ ಸಿಕ್ಕಿಬೀಳಬಹುದು. ಇದಕ್ಕೆ ಖರ್ಚಿಲ್ಲ, ಮಂಡಿಪೇಟೆಯಲ್ಲಿ ತಕ್ಕಡಿಗೆ ಬರವೂ ಇಲ್ಲ.

ದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಅರ್ಧ ನಿಮಿಷ ಸಾಕು. ಕೀಪ್ಯಾಡ್ ಮೇಲೆ ಇನ್ನೊಂದು ತೆಳು ಕೀಪ್ಯಾಡ್ ಕೂತಿದೆಯೇ ಎಂದು ಉಗುರಿನಿಂದ ಅಂಚು ಎಬ್ಬಿಸಿ ನೋಡಿ. ಚಿಪ್ ಸೀಳಿಗೆ ಒಂದು ಹಳೇ ಕಾರ್ಡ್ ತೂರಿಸಿ ನೋಡಿ. ನಿನ್ನೆಗಿಂತ ಬಿಗಿಯಾಗಿ ಹೋದರೆ ಒಳಗೆ ಕಾಗದದಷ್ಟು ತೆಳುವಾದ ಕಳ್ಳ ಪಟ್ಟಿ ಇರುವ ಸಾಧ್ಯತೆ ಇದೆ. ಬಂಕುಗಳಲ್ಲಿ ಪಾಳಿ ಬದಲಾದಾಗಲೆಲ್ಲ ಈ ಕೆಲಸ ಆಗಬೇಕು, ಅಲ್ಲಿ ಮಷಿನ್ ಕೈಯಿಂದ ಕೈಗೆ ಓಡಾಡುತ್ತದೆ, ಒಂದೇ ಬಣ್ಣದ ಇನ್ನೊಂದನ್ನು ಅದಲುಬದಲು ಮಾಡುವುದು ಸುಲಭ.

"ಸರ್ವಿಸ್‌ಗೆ ಬಂದಿದ್ದೀನಿ" ಎಂದು ಐಡಿ ಕಾರ್ಡ್ ತೂಗುಹಾಕಿಕೊಂಡು ಬಂದವರಿಗೆ ಮಷಿನ್ ಕೊಟ್ಟುಬಿಡುವುದು ನಮ್ಮ ಕಡೆಯ ಸೌಜನ್ಯ. ಟೀ ಕೊಡಿ, ಮಷಿನ್ ಬೇಡ. ಒಪ್ಪಂದದ ಕಾಗದದಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ ದೂರು ಸಂಖ್ಯೆ, ಬಂದವರ ಹೆಸರು, ಹೊಸ ಮಷಿನ್‌ನ ಸೀರಿಯಲ್ ಕೇಳಿ. ಬಂದವರು ತೋರಿಸುವ ನಂಬರಿಗೆ ಮಾಡಿದರೆ ಅವರ ಗೆಳೆಯರೇ ಎತ್ತುತ್ತಾರೆ. ಹಳೆಯದಕ್ಕೆ ರಸೀದಿ ಪಡೆಯದೆ ಕೈ ಬಿಡಬೇಡಿ. ಫೋನಿನಲ್ಲೇ "ಕೆವೈಸಿ ಮುಗಿದಿದೆ, ಮಷಿನ್ ನಿಂತುಹೋಗುತ್ತೆ, ಈ ಆ್ಯಪ್ ಹಾಕಿಕೊಳ್ಳಿ" ಎನ್ನುವವರು ಸೇವೆಯವರಲ್ಲ.

ವೈಫೈ ಬಳಸುವ ಮಷಿನ್ ಆದರೆ ಗಿರಾಕಿಗಳಿಗೆ ಕೊಡುವ ವೈಫೈ ಬೇರೆ, ಮಷಿನ್‌ದು ಬೇರೆ. ಈಗಿನ ಬಹುತೇಕ ರೂಟರ್‌ಗಳಲ್ಲಿ "ಗೆಸ್ಟ್" ಎಂಬ ಆಯ್ಕೆ ಇದೆ, ಹತ್ತು ನಿಮಿಷದ ಕೆಲಸ.

ಲಾಡ್ಜ್ ಮತ್ತು ಫೋನ್ ಆರ್ಡರ್

ಎಲ್ಲಕ್ಕಿಂತ ಕೆಟ್ಟ ಅಂಕ ಕೊಡಬೇಕಾದದ್ದು ಲಾಡ್ಜುಗಳ ಪದ್ಧತಿಗೆ. "ರೂಂ ಹಿಡಿದಿಡಬೇಕಾದರೆ ಕಾರ್ಡ್ ಫೋಟೊ ವಾಟ್ಸ್ಆ್ಯಪ್ ಮಾಡಿ" ಎನ್ನುವ ರಿಸೆಪ್ಷನ್‌ಗಳು ಇನ್ನೂ ಇವೆ. ಒಂದು ಕಾರ್ಡಿನ ಫೋಟೊ ಕಳಿಸಿದವರ ಫೋನ್, ಪಡೆದವರ ಫೋನ್, ಗ್ಯಾಲರಿ, ಗೂಗಲ್ ಬ್ಯಾಕಪ್, ರಾತ್ರಿ ಪಾಳಿಯವರ ಫಾರ್ವರ್ಡ್ ಇಷ್ಟೂ ಕಡೆ ಉಳಿಯುತ್ತದೆ, ಒಂದು ಕಡೆ ಅಳಿಸಿದರೆ ಉಳಿದದ್ದು ಹೋಗುವುದಿಲ್ಲ. ಬದಲಿಗೆ ಪೇಮೆಂಟ್ ಲಿಂಕ್ ಕಳಿಸಿ. ಗಿರಾಕಿ ಗೇಟ್‌ವೇ (ಆನ್‌ಲೈನ್ ಪಾವತಿ ನಡೆಸಿಕೊಡುವ ಕಂಪನಿ) ಪುಟದಲ್ಲಿ ನಂಬರ್ ತುಂಬುತ್ತಾರೆ, ಲಾಡ್ಜಿಗೆ ಬರುವುದು "ಹಣ ಬಂದಿದೆ" ಎಂಬ ಸಂದೇಶ ಮಾತ್ರ. ಸ್ವಂತ ಜಾಲತಾಣದಲ್ಲಿ ಬುಕಿಂಗ್ ಇಟ್ಟವರೂ ಕಾರ್ಡ್ ತುಂಬುವ ಜಾಗವನ್ನು ತಮ್ಮ ಪುಟದಲ್ಲಿ ಕಟ್ಟಿಸದೆ ಗೇಟ್‌ವೇ ಪುಟಕ್ಕೇ ಕಳಿಸುವುದು ಒಳ್ಳೆಯದು. ತಮ್ಮ ಪುಟದಲ್ಲಿ ಯಾರಾದರೂ ಒಂದು ಸಾಲು ಕೋಡ್ ತೂರಿಸಿದರೆ ತುಂಬಿದ ನಂಬರೆಲ್ಲ ಅವರಿಗೆ ಹೋಗುತ್ತದೆ, ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಈಗಾಗಲೇ ಬಂದಿರುವ ಫೋಟೊಗಳನ್ನು ಚಾಟ್, ಗ್ಯಾಲರಿ, ಕಸದ ಫೋಲ್ಡರ್, ಬ್ಯಾಕಪ್ ನಾಲ್ಕೂ ಕಡೆ ಅಳಿಸಬೇಕು.

ಅನುಮಾನ ಬಂದ ದಿನ

ಮಷಿನ್ ತೂಕ ತಪ್ಪಿತು, ಸೀರಿಯಲ್ ತಾಳೆಯಾಗಲಿಲ್ಲ, ಅಥವಾ ನಾಲ್ಕಾರು ಗಿರಾಕಿಗಳು ಒಂದೇ ವಾರದಲ್ಲಿ "ನಿಮ್ಮಲ್ಲಿ ಕಾರ್ಡ್ ಕೊಟ್ಟ ಮೇಲೆ ಹಣ ಹೋಯಿತು" ಎಂದರು. ಆಗ ಮಷಿನ್ ಬಿಚ್ಚಬೇಡಿ, ರೀಸೆಟ್ ಮಾಡಬೇಡಿ, ಮುಂದೆ ಒಂದು ಕಾರ್ಡೂ ಹಾಕಬೇಡಿ. ಇದ್ದ ಹಾಗೇ ಒಂದು ಚೀಲದಲ್ಲಿಟ್ಟು ಮಷಿನ್ ಕೊಟ್ಟ ಬ್ಯಾಂಕಿಗೆ ಅಥವಾ ಕಂಪನಿಗೆ ಕರೆ ಮಾಡಿ ಟಿಐಡಿ ತಡೆಹಿಡಿಸಿ, ದೂರು ಸಂಖ್ಯೆ ಬರೆದುಕೊಳ್ಳಿ. ಸಿಸಿಟಿವಿ ದೃಶ್ಯದ ಮೇಲೆ ಹೊಸದು ದಾಖಲಾಗಿ ಅಳಿಸಿಹೋಗುವ ಮುಂಚೆ ಪೆನ್‌ಡ್ರೈವ್‌ಗೆ ತೆಗೆಸಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜಿಲ್ಲಾ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. ಮಷಿನ್ ಕಳುವಾದರೂ ಇದೇ ಕ್ರಮ.

ಗಿರಾಕಿಗೆ ಹೇಳಲು ಮಾಲೀಕರು ಹಿಂಜರಿಯುತ್ತಾರೆ, ಅಂಗಡಿ ಹೆಸರು ಕೆಡುತ್ತದೆ ಎಂದು. ಆದರೆ ಇಲ್ಲಿ ದಿನದ ಲೆಕ್ಕವಿದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಆದೇಶದ ಪ್ರಕಾರ ತಪ್ಪು ತಮ್ಮದಲ್ಲದ, ಬ್ಯಾಂಕಿನದ್ದೂ ಅಲ್ಲದ ವಂಚನೆಯನ್ನು ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. 4ರಿಂದ 7ನೇ ದಿನದೊಳಗಾದರೆ ಒಂದಷ್ಟು ಭಾರ ಅವರ ಮೇಲೆ ಬೀಳುತ್ತದೆ, ಅದಕ್ಕೂ ತಡವಾದರೆ ಅವರ ಬ್ಯಾಂಕಿನ ನೀತಿಯಂತೆ. ನೀವು ಬಾಯಿ ಮುಚ್ಚಿಕೊಂಡ ಒಂದೊಂದು ದಿನವೂ ಅವರ ಜೇಬಿನಿಂದ ಹೋಗುತ್ತದೆ. ಸೆಟ್ಲ್‌ಮೆಂಟ್ ರಿಪೋರ್ಟಿನಲ್ಲಿ ಆ ದಿನಗಳ ವ್ಯವಹಾರಗಳ ಪಟ್ಟಿ ಇರುತ್ತದೆ, ಅದನ್ನು ಬ್ಯಾಂಕಿಗೆ ಕೊಟ್ಟರೆ ಸಂಬಂಧಪಟ್ಟ ಕಾರ್ಡ್‌ಗಳನ್ನು ಅವರೇ ಗುರುತಿಸುತ್ತಾರೆ. ಆ ರಿಪೋರ್ಟ್ ಸಿಗಬೇಕಾದರೆ ಪ್ರತಿ ರಾತ್ರಿ ಸೆಟ್ಲ್‌ಮೆಂಟ್ ಒತ್ತಿ ಅಂಗಡಿ ಮುಚ್ಚಿರಬೇಕು.